ಸೊನ್ನೆ ಬಂಡಿಗಳ ದಾರಿ

ಕೆಂಪು ಶಾಯಿಯ ವಾಸನೆ ಬಡಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸಿಂಧನೂರಿನ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ಹೇಳುತ್ತೇನೆ. ಹೊಸದಾಗಿ ಸೇರಿದವರಿಗೆ ಪ್ರತಿ ವರ್ಷ ಒಂದು ಸಣ್ಣ ಪ್ರಯೋಗ ಮಾಡಿಸುವುದಿದೆ. ಎಳೆಯ ಅರಳಿ ಎಲೆಯ ನಡುನರವನ್ನು ಒಂದು ಕಡೆ ಬ್ಲೇಡಿನಿಂದ ಕತ್ತರಿಸಿ, ತೊಟ್ಟನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ನಿಲ್ಲಿಸಬೇಕು. ಸ್ವಲ್ಪ ಹೊತ್ತಿನ ಮೇಲೆ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಕೆಂಪು ಏರಿದ್ದು ಕಾಣುತ್ತದೆ. ಕತ್ತರಿಸಿದ ಜಾಗಕ್ಕೆ ಬಂದ ಬಣ್ಣ ಅಲ್ಲೇ ನಿಲ್ಲುವುದಿಲ್ಲ. ಪಕ್ಕದ ಸಣ್ಣ ನರಗಳಿಗೆ ಹೊರಳುತ್ತದೆ, ಅಲ್ಲಿಂದ ಇನ್ನೂ ಸಣ್ಣವಕ್ಕೆ, ಹಾಗೆ ಸುತ್ತು ಹಾಕಿ ಗಾಯದ ಆಚೆ ಮತ್ತೆ ನಡುನರವನ್ನೇ ಸೇರುತ್ತದೆ. ಎಲೆಯ ತುದಿ ಬಾಡುವುದಿಲ್ಲ.

ಈ ವರ್ಷ ಜವಳಗೇರಾ ಕಡೆಯಿಂದ ಬರುವ ಒಬ್ಬ ಹುಡುಗಿ ಕೇಳಿದಳು: “ಸರ್, ನಾವು ಕತ್ತರಸ್ತೀವಂತ ಎಲಿಗಿ ಮೊದಲ ಗೊತ್ತಿತ್ತೇನ್ರಿ?”

ಎಲೆಗೆ ಏನೂ ಗೊತ್ತಿರುವುದಿಲ್ಲ ಎಂದೆ. ಹುಳ ಕಚ್ಚುತ್ತದೆ, ಗಾಳಿ ಹರಿಯುತ್ತದೆ. ನರಗಳ ಬಲೆ ಹೆಣೆದುಕೊಂಡ ಎಲೆ ಉಳಿಯುತ್ತದೆ, ಅಷ್ಟೆ. ಗಿಂಕ್ಗೊ ಎಂಬ ಬಹಳ ಹಳೆಯ ಜಾತಿಯ ಮರವಿದೆ, ಅದರ ಎಲೆಯಲ್ಲಿ ನರಗಳು ಕವಲೊಡೆಯುತ್ತ ಹೋಗುತ್ತವೆಯೇ ಹೊರತು ಒಂದಕ್ಕೊಂದು ಕೂಡುವುದು ಅಪರೂಪ. ಅಲ್ಲೊಂದು ನರ ಕತ್ತರಿಸಿದರೆ ಅದರ ಮುಂದಿನ ಭಾಗಕ್ಕೆ ನೀರಿಲ್ಲ. ಇಷ್ಟು ಹೇಳುವಾಗ ನನ್ನ ದನಿ ಏರಿತ್ತು. ಹುಡುಗಿ ತಾನೇನೋ ತಪ್ಪು ಕೇಳಿದೆನೆಂದು ಕೂತುಬಿಟ್ಟಳು. ತಪ್ಪು ಅವಳದಾಗಿರಲಿಲ್ಲ. ನನಗೆ ನಮ್ಮಕ್ಕನ ಊರು ನೆನಪಾಗಿತ್ತು, ಆ ಒಂದು ಮಳೆಗಾಲ ನೆನಪಾಗಿತ್ತು.

ಅದನ್ನು ಬರೆಯುವ ಮುಂಚೆ ಒಂದು ಎಚ್ಚರಿಕೆ. ನನಗೆ ನನ್ನ ನೆನಪಿನ ಮೇಲೆ ಭರವಸೆ ಇಲ್ಲ. ನೋಡಿದ್ದನ್ನು ಆಗಲೇ ಬರೆದಿಡು, ಬರೆದಿಡದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ಆ ಮಳೆಗಾಲದಲ್ಲಿ ಏನನ್ನೂ ಬರೆದಿಡಲಿಲ್ಲ. ಆದ್ದರಿಂದ ಇಲ್ಲಿ ಯಾವುದು ಕಂಡದ್ದು, ಯಾವುದು ಕೇಳಿದ್ದು, ಯಾವುದು ಸಿಟ್ಟಿನಲ್ಲಿ ನಾನೇ ತುಂಬಿಕೊಂಡದ್ದು ಎಂಬುದನ್ನು ಬೇರ್ಪಡಿಸಲು ಹೆಣಗುತ್ತಲೇ ಬರೆಯುತ್ತಿದ್ದೇನೆ.

ಅಕ್ಕ ಶಾಂತಮ್ಮನನ್ನು ಕೊಟ್ಟದ್ದು ಪಾಮನಕಲ್ಲೂರಿನಿಂದ ಇನ್ನೂ ಒಳಗಿರುವ ಎರೆಹೊಲದ ಊರಿಗೆ. ಊರಿನ ಹೆಸರು ಬೇಡ. ಮಸ್ಕಿಯಿಂದ ಬಂದ ಡಾಂಬರು ರಸ್ತೆ ಆ ಊರಿನ ಗುಡಿಯ ಮುಂದೆ ಮುಗಿಯುತ್ತದೆ. ಬಸ್ಸು ಅಲ್ಲೇ ತಿರುಗಿಸಿಕೊಂಡು ಬಂದ ದಾರಿಗೇ ಹೋಗಬೇಕು. ಗುಡಿಯ ಹಿಂದೆ ನಿಂತು ನೋಡಿದರೆ ತೊಗರಿ ಹೊಲಗಳ ಆಚೆ ಇನ್ನೊಂದು ಊರು ಕಾಣುತ್ತದೆ. ಅದು ಲಿಂಗಸುಗೂರು ತಾಲ್ಲೂಕಿನದು. ಲಿಂಗಸುಗೂರಿನಿಂದ ಬಂದ ಡಾಂಬರು ರಸ್ತೆ ಆ ಊರಿನಲ್ಲಿ ಹಾಗೆಯೇ ಮುಗಿಯುತ್ತದೆ. ಆ ಊರಿನ ಗುಡಿಯ ಮೈಕು ಈ ಊರಿಗೆ ಸ್ಪಷ್ಟವಾಗಿ ಕೇಳುತ್ತದೆ. ನಡುವೆ ಒಂದು ಬಂಡಿದಾರಿ, ಅದರ ಮಧ್ಯದಲ್ಲಿ ತಾಲ್ಲೂಕಿನ ಗಡಿಕಲ್ಲು. ಕಲ್ಲಿನ ಈಚಿನ ರಸ್ತೆ ಒಂದು ಕಚೇರಿಗೆ ಸೇರಿದ್ದು, ಆಚಿನದು ಇನ್ನೊಂದು ಕಚೇರಿಗೆ. ಎರಡೂ ತಮ್ಮ ತಮ್ಮ ಕೊಂಬೆಯ ತುದಿಯವರೆಗೆ ರಸ್ತೆ ತಂದು ಕೈತೊಳೆದುಕೊಂಡಿದ್ದವು.

ಸಿಂಧನೂರಿನ ಕಾಲುವೆಗಳೂ ಹೀಗೇ ಕವಲೊಡೆಯುತ್ತ ಹೋಗುತ್ತವಲ್ಲ ಎಂದು ಯಾರಾದರೂ ಕೇಳಬಹುದು. ಕಾಲುವೆಗೆ ನೆಪವಿದೆ. ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ, ಹಿಂದಕ್ಕೆ ಬಂದು ಕೂಡಲಾರದು. ರಸ್ತೆಗೆ ಆ ನೆಪ ಇಲ್ಲ. ಮನುಷ್ಯರು ಎರಡೂ ಕಡೆ ನಡೆಯುತ್ತಾರೆ.

ಅಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಮಸ್ಕಿಯ ಮೇಲೆ ಸುತ್ತಿ ಹೋಗಿ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅದಕ್ಕಾಗಿ ಡಾಕ್ಟರು ಅವಳ ಎಡಗೈಯ ಮಣಿಕಟ್ಟಿನ ಮೇಲೆ ರಕ್ತ ತರುವ ನಾಳವನ್ನೂ ರಕ್ತ ಒಯ್ಯುವ ನಾಳವನ್ನೂ ಒಂದಕ್ಕೊಂದು ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಜುಂ ಎನ್ನುತ್ತದೆ. “ಕೈಯಾಗ ಜೇನು ಸಾಕೀನಿ ತಮ್ಮಾ,” ಎಂದು ಅಕ್ಕ ಬಂದವರಿಗೆಲ್ಲ ಮುಟ್ಟಿಸಿ ತೋರಿಸುತ್ತಿದ್ದಳು. ಅವಳ ಗಂಡ ಅಮರೇಶ ಮಾವ ಮುಖ ತಿರುಗಿಸುತ್ತಿದ್ದ. ಅವನಿಗೆ ಆ ಸದ್ದೆಂದರೆ ಭಯ.

ಆ ವರ್ಷ ಮಳೆ ಮೊದಲೇ ಹಿಡಿಯಿತು. ನಮ್ಮ ಸೀಮೆಯಲ್ಲಿ ಮಳೆ ಬಂದರೆ ಯಾರೂ ಬೈಯುವುದಿಲ್ಲ. ಆ ವರ್ಷ ಬೈದರು. ಹತ್ತಿ ನಿಂತಲ್ಲೇ ಕೆಂಪಗಾಯಿತು. ಒಂದು ಸಂಜೆ ಹಳ್ಳ ಉಕ್ಕಿ, ಅಕ್ಕನ ಊರಿನಿಂದ ಮಸ್ಕಿಗೆ ಹೋಗುವ ರಸ್ತೆಯ ಸೇತುವೆ ನಡುವೆ ಮುರಿದು ಕುಸಿಯಿತು. ಆ ಒಂದು ರಸ್ತೆ ಬಿಟ್ಟರೆ ಊರಿಗೆ ಬೇರೆ ರಸ್ತೆ ಇಲ್ಲ. ಹಳ್ಳ ಇಳಿದ ದಿನ ಜನ ಮುರಿದ ಕಲ್ಲುಗಳ ಮೇಲೆ ಕಾಲಿಟ್ಟು ದಾಟಿ, ಆಚೆ ನಿಂತ ಆಟೋ ಹತ್ತುತ್ತಿದ್ದರು. ಅಕ್ಕನೂ ಹಾಗೆ ದಾಟಿದಳು, ಮಾವನ ಹೆಗಲು ಹಿಡಿದು. ಹಳ್ಳ ತುಂಬಿದ ದಿನ ಏನು ಮಾಡುವುದು?

ಉತ್ತರ ಗುಡಿಯ ಹಿಂದೆಯೇ ಬಿದ್ದಿತ್ತು. ಬಂಡಿದಾರಿಗೆ ಹಳ್ಳವೇ ಅಡ್ಡ ಬರುವುದಿಲ್ಲ. ಮಳೆಯಲ್ಲಿ ಎರೆಮಣ್ಣು ಕುದಿಸಿದ ಅಂಟಿನಂತಾಗಿ ಟ್ರ್ಯಾಕ್ಟರನ್ನೂ ನುಂಗುತ್ತದೆ ಎಂಬುದೊಂದೇ ತೊಂದರೆ. ಜಲ್ಲಿಯಂಥ ಗರಸು ಮಣ್ಣು ಹೊಡೆಸಿ ರೋಲರ್ ಓಡಿಸಿದರೆ ಸಾಕು, ಆಚೆ ಊರಿನಿಂದ ಲಿಂಗಸುಗೂರಿನ ಬಸ್ಸು ಸಿಗುತ್ತದೆ. ಎರಡೂ ಊರಿನವರು ಸೇರಿ ಅರ್ಜಿ ಕೊಟ್ಟರು. ದಾರಿಯಲ್ಲಿ ಎಷ್ಟು ಓಡಾಟವಿದೆ ಎಂದು ಎಣಿಸಿ ತೀರ್ಮಾನಿಸುತ್ತೇವೆ ಎಂದರು ಕಚೇರಿಯವರು. ಎಣಿಸಲು ಜನರನ್ನೂ ಕಳಿಸಿದರು.

ಅವರು ಬಂದದ್ದು ಶ್ರಾವಣದ ಸೋಮವಾರ.

ಹೊರಗಿನವರಿಗೆ ಇದರ ಅರ್ಥ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ದಿನ. ಅವತ್ತು ಎತ್ತುಗಳ ಮೈ ತೊಳೆದು ವಿಭೂತಿ ಹಚ್ಚಿ ಕೊಟ್ಟಿಗೆಯಲ್ಲಿ ಬಿಡುತ್ತಾರೆ. ಶ್ರಾವಣ ಸೋಮವಾರವಂತೂ ಜನರೂ ಗುಡಿಯಲ್ಲೇ ಇರುತ್ತಾರೆ. ಎಣಿಸುವವರು ಗಡಿಕಲ್ಲಿನ ಪಕ್ಕದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಸಂಜೆಯವರೆಗೆ ಕೂತರು. ಒಂದು ಬಂಡಿಯೂ ಬರಲಿಲ್ಲ. ಅಕ್ಕನ ಅತ್ತೆ ಬಸಮ್ಮ ಅವರಿಗೆ ಮಂಡಾಳ ಒಗ್ಗರಣೆ, ಚಹಾ ಕಳಿಸಿದಳು. ಇವತ್ತು ಸೋಮವಾರ, ನಾಳೆ ಬನ್ನಿ ಎಂದು ಊರಿನ ಒಬ್ಬರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆಯಲೇ ಇಲ್ಲ. ಸೋಮವಾರ ಎತ್ತು ಹೂಡುವುದಿಲ್ಲ ಎಂಬುದು ಲೋಕಕ್ಕೆಲ್ಲ ಗೊತ್ತಿರುವ ಸಂಗತಿ, ಊರವರು ಬಿಡುವಾಗಿ ಸಿಗುತ್ತಾರೆಂದೇ ಸಾಹೇಬರು ಈ ದಿನ ಆರಿಸಿದ್ದಾರೆ ಎಂದುಕೊಂಡಿದ್ದರು.

ಸುದ್ದಿ ತಿಳಿದು ನಾನು ಕಚೇರಿಗೆ ಹೋದೆ. ಯಾವ ಕಚೇರಿ ಎಂದು ಬರೆಯುವುದಿಲ್ಲ. ಆ ಗುಣ ಒಂದೇ ಕಚೇರಿಯದಲ್ಲ.

“ಬರ್ರಿ ಸರ್, ಕುಂದರ್ರಿ,” ಎಂದರು ಅಲ್ಲಿಯ ಎಂಜಿನಿಯರು. ಮೆತ್ತಗಿನ ಮನುಷ್ಯ. ಚಹಾ ತರಿಸಿದರು. “ನಿಮ್ಮ ದಾರಿ ಎಣಿಸಿದ್ವಿ. ಸೊನ್ನಿ ಬಂತು. ಸೊನ್ನಿ ಮ್ಯಾಲ ನಾ ಹೆಂಗ ಎಸ್ಟಿಮೇಟ್ ಮಾಡ್ಲಿ ಹೇಳ್ರಿ?”

“ಸೋಮವಾರ ಎಣಿಸೀರಿ. ಸೋಮವಾರ ಯಾರು ಎತ್ತು ಹೂಡತಾರ್ರಿ?”

“ನಮ್ಮ ಕ್ಯಾಲೆಂಡರಿನ್ಯಾಗ ರವಿವಾರದ ರಜಾ ಐತ್ರಿ. ಎತ್ತಿನ ರಜಾ ಇಲ್ರಿ.”

“ನೀವು ಯಾವ ಕಡ್ಯಾವ್ರು?”

“ಇಲ್ಲ್ಯಾವ್ರ ರೀ,” ಎಂದು ನಕ್ಕರು. “ನಮ್ಮ ಮನ್ಯಾಗನೂ ಸೋಮವಾರ ಹೂಡಂಗಿಲ್ಲ. ಆದ್ರ ಅದು ಮನಿ, ಇದು ಆಫೀಸು.”

ಅವರಿಗೆ ಗೊತ್ತಿತ್ತು ಎಂಬುದೇ ನನ್ನನ್ನು ಹೆಚ್ಚು ಕೆರಳಿಸಿತು. ತಿಳಿಯದವನ ಜೊತೆ ವಾದಿಸಬಹುದು. ಮನೆಯಲ್ಲಿ ತಿಳಿದದ್ದನ್ನು ಕಚೇರಿಯ ಬಾಗಿಲಲ್ಲಿ ಚಪ್ಪಲಿಯಂತೆ ಬಿಟ್ಟು ಒಳಗೆ ಬಂದವನ ಜೊತೆ ಏನು ಮಾತಾಡುವುದು? ಆದರೂ ನಾನು ಪುಸ್ತಕದೊಳಗೆ ಒತ್ತಿಟ್ಟುಕೊಂಡು ಹೋಗಿದ್ದ ಪ್ರಯೋಗದ ಅರಳಿ ಎಲೆ ತೆಗೆದು ಮೇಜಿನ ಮೇಲಿಟ್ಟೆ. ನಡುನರ ಕತ್ತರಿಸಿದ್ದು, ಕೆಂಪು ಸುತ್ತಿ ಹೋದದ್ದು ತೋರಿಸಿದೆ. ಈ ಸಣ್ಣ ನರದಲ್ಲಿ ದಿನವೂ ಎಷ್ಟು ನೀರು ಓಡಾಡುತ್ತದೆ ಎಂದು ಎಣಿಸಿ ಎಲೆ ಇದನ್ನು ಉಳಿಸಿಕೊಂಡಿಲ್ಲ. ದೊಡ್ಡದು ಕಡಿದ ದಿನ ಇದು ಬೇಕು ಎಂದೆ. ಪಾಠ ಮಾಡಿದೆ ಅನ್ನಿ.

ಅವರು ಎಲೆಯನ್ನು ಬೆಳಕಿಗೆ ಹಿಡಿದು ನಿಜವಾಗಿಯೂ ಆಸಕ್ತಿಯಿಂದ ನೋಡಿದರು. “ಎಲಿ ಭಾಳ ಚಲೋ ಐತ್ರಿ ಸರ್. ಆದ್ರ ಎಲಿಗಿ ಟೆಂಡರ್ ಇಲ್ಲ, ಆಡಿಟ್ ಇಲ್ಲ. ನಮಗ ಎರಡೂ ಅದಾವ. ಬರೋ ವರ್ಷ ಮತ್ತ ಎಣಿಸ್ತೀವಿ.”

ಹಿಂದಿರುಗುವ ಬಸ್ಸಿನಲ್ಲಿ, ಎಂದಿನಂತೆ ತಡವಾಗಿ, ಹೇಳಬೇಕಿದ್ದ ಮಾತು ಹೊಳೆಯಿತು. ಅಕ್ಕನ ಕೈಯಲ್ಲಿ ಆ ಎರಡು ನಾಳಗಳ ನಡುವೆ ಮೊದಲು ಎಷ್ಟು ರಕ್ತ ಓಡಾಡುತ್ತಿತ್ತು? ಸೊನ್ನೆ. ಡಾಕ್ಟರು ಎಣಿಸುತ್ತ ಕೂರಲಿಲ್ಲ. ಜೋಡಿಸಿದರು. ಜೋಡಿಸಿದ ಮೇಲೆ ರಕ್ತ ನುಗ್ಗಿತು, ನುಗ್ಗಿದ ಮೇಲೆ ತೆಳ್ಳಗಿದ್ದ ನಾಳ ಹಗ್ಗದ ಹಾಗೆ ದಪ್ಪಗಾಯಿತು. ದಾರಿ ಇಲ್ಲದಲ್ಲಿ ಓಡಾಟ ಎಣಿಸಿ, ಓಡಾಟ ಇಲ್ಲವೆಂದು ದಾರಿ ನಿರಾಕರಿಸುವವರ ಕೈಗೆ ಅವಳ ದೇಹ ಸಿಕ್ಕಿದ್ದರೆ ಅವಳು ಎಂದೋ ಸತ್ತಿರುತ್ತಿದ್ದಳು.

ಅದೇ ತಿಂಗಳು ಆ ಮಾತು ಬರೀ ಮಾತಾಗಿ ಉಳಿಯಲಿಲ್ಲ. ಬುಧವಾರ ಹಿಡಿದ ಮಳೆ ಬಿಡಲಿಲ್ಲ. ಗುರುವಾರ ಹಳ್ಳ ತುಂಬಿ ಅಕ್ಕ ಆಸ್ಪತ್ರೆಗೆ ಹೋಗಲಾಗಲಿಲ್ಲ. ಶನಿವಾರಕ್ಕೆ ಕಾಲು ಬಾತವು, ರವಿವಾರ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕೂತಳು. ಸುತ್ತ ಎಲ್ಲಿ ನೋಡಿದರೂ ನೀರು, ಅವಳು ಕುಡಿಯುವಂತಿಲ್ಲ. ಸೋಮವಾರ ತಪ್ಪಿದರೆ ಮುಂದಿನ ಗುರುವಾರ ಅವಳಿಗೆ ಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬಂಡಿದಾರಿಯಲ್ಲಿ ಟ್ರ್ಯಾಕ್ಟರ್ ಹೋಗದು. ಎತ್ತಿನ ಬಂಡಿ ಹೋದೀತು. ಆದರೆ ಅವತ್ತು ಸೋಮವಾರ.

ಬಸಮ್ಮನ ಮಡಿವಂತಿಕೆ ಊರಿಗೇ ಗೊತ್ತಿದ್ದದ್ದು. ತುಂಬಿದ ಸುಗ್ಗಿಯಲ್ಲೂ ಸೋಮವಾರ ನೊಗ ಮುಟ್ಟಗೊಡದ ಹೆಂಗಸು. ಅವಳು ಬೆಳಿಗ್ಗೆ ಎದ್ದು ಎತ್ತುಗಳ ಮೈ ತೊಳೆದಳು, ಹಣೆಗೆ ವಿಭೂತಿ ಎಳೆದಳು, ಆಮೇಲೆ ತಾನೇ ನೊಗ ಎತ್ತಿ ತಂದಳು.

“ಬಸವಣ್ಣಾ, ಇವತ್ತ ನಿನ್ನ ದಿನ. ನಿನ್ನ ದಿನಾನ ನೊಗ ಇಡಾಕತ್ತೀನಿ. ಪಾಪ ನನಗಿರಲಿ. ಮಗನಿಗಿ ಬ್ಯಾಡ, ಸೊಸಿಗಿ ಬ್ಯಾಡ. ನಡಿ.”

“ಯವ್ವಾ, ನಾಕು ಮಂದಿ ಏನಂದಾರು?” ಎಂದ ಮಾವ.

“ಅನ್ನವ್ರು ಬಂದು ಎತ್ತಿನ ಜಾಗಾದಾಗ ನಿಂತು ಎಳೀಲಿ. ಮಾತಾಡಬ್ಯಾಡ, ಹೂಡು.”

ಈ ದೃಶ್ಯ ನನಗೆ ಎಷ್ಟು ನಿಚ್ಚಳವಾಗಿ ನೆನಪಿದೆ ಎಂದರೆ ಎಡದ ಎತ್ತು ತಲೆ ಕೊಡವಿ ಹಿಂದೆ ಸರಿದದ್ದು, ನೀರಿಳಿದ ವಿಭೂತಿ ಅದರ ಕಣ್ಣಿನ ಹತ್ತಿರ ಬಂದದ್ದು ಕೂಡ ಕಾಣುತ್ತದೆ. ಬಂಡಿಯಲ್ಲಿ ಅಕ್ಕನ ಪಕ್ಕ ಕೂತು ಕೊಡೆ ಹಿಡಿದದ್ದು ನೆನಪಿದೆ. ಗಾಲಿಗಳು ಮಣ್ಣು ಮೆತ್ತಿ ಬೀಸುವ ಕಲ್ಲಿನಂತಾಗಿದ್ದು, ಮಾವ ಇಳಿದು ಕುಡಗೋಲಿನಿಂದ ಮಣ್ಣು ಕೆರೆದದ್ದು, ಗಡಿಕಲ್ಲು ದಾಟಿದ್ದು, ಎಲ್ಲ ಇದೆ. ಆಚೆ ಊರು ಮುಟ್ಟಿದಾಗ ಅಕ್ಕ ಹೇಳಿದ ಮೊದಲ ಮಾತು, ಬಿಟ್ಟು ಬಿಟ್ಟು ಹೇಳಿದ್ದು, ಕಿವಿಯಲ್ಲೇ ಇದೆ: “ತಮ್ಮಾ, ಎತ್ತಿಗಿ ನೀರು ಕುಡಸ್ರಿ.”

ಅಲ್ಲಿಂದ ಕಾರಿನಲ್ಲಿ ಲಿಂಗಸುಗೂರು. ಯಂತ್ರಕ್ಕೆ ಹಾಕಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ತಹಬಂದಿಗೆ ಬಂತು. ಮಾವ ವರಾಂಡದಲ್ಲಿ ಮಣ್ಣು ಮೆತ್ತಿದ ಕಾಲಿನಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು, ಅವತ್ತು ಮೊದಲ ಸಲ, ಅವಳ ಮಣಿಕಟ್ಟಿನ ಮೇಲೆ ಬೆರಳಿಟ್ಟು ಆ ಸದ್ದು ಕೇಳಿದ.

ಉಳಿದ ಮಳೆಗಾಲ ಅಕ್ಕ ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಒಬ್ಬಳೇ ಇದ್ದಳು. ಅವಳ ಊರಿನ ಗುಡಿಯ ಹಿಂದಿನ ಕೆಸರಿಗೆ ಯಾರೂ ಒಂದು ಬುಟ್ಟಿ ಗರಸು ಸುರಿಯಲಿಲ್ಲ. ದೇವರು ತನ್ನ ದಿನ ಬಿಟ್ಟುಕೊಟ್ಟ. ಹಟಮಾರಿ ಮುದುಕಿ ತನ್ನ ಹಟ ಬಿಟ್ಟಳು. ಎರಡು ಮೂಕ ಪ್ರಾಣಿಗಳು ತಮ್ಮ ರಜೆ ಬಿಟ್ಟವು. ಕಚೇರಿ ಮಾತ್ರ ತನ್ನ ಸೊನ್ನೆ ಬಿಡಲಿಲ್ಲ.

ಈ ವರ್ಷ ಆ ಹುಡುಗಿಯ ತರಗತಿಗೆ ಪ್ರಯೋಗ ಮಾಡಿಸಿದ ವಾರವೇ, ರವಿವಾರ, ನಾನು ಅಕ್ಕನ ಊರಿಗೆ ಹೋದೆ. ಈಗ ಹಳ್ಳಕ್ಕೆ ಹೊಸ ಸೇತುವೆ ಇದೆ, ಅಗಲವಾದದ್ದು, ಉದ್ಘಾಟಿಸಿದವರ ಹೆಸರಿನ ಕಲ್ಲು ಎರಡೂ ತುದಿಯಲ್ಲಿದೆ. ಬಂಡಿದಾರಿ ಹಾಗೇ ಇದೆ. ಸೇತುವೆ ಆಯಿತಲ್ಲ, ಇನ್ನೇಕೆ ಆ ದಾರಿ ಎಂದು ಕಚೇರಿಯವರು ಹೇಳಿದರಂತೆ. ಅಂದರೆ ಮತ್ತೆ ಒಂದೇ ನರ.

ಅಕ್ಕ ಕಟ್ಟೆಯ ಮೇಲೆ ಕೂತು ತೊಗರಿ ಬೇಳೆ ಆರಿಸುತ್ತಿದ್ದಳು. ಕ್ಲಾಸಿನಲ್ಲಿ ಸಿಟ್ಟು ಬಂದದ್ದು ಹೇಳಿದೆ. ಬಂಡಿಯಲ್ಲಿ ಕೊಡೆ ಹಿಡಿದು ಕೂತದ್ದನ್ನೂ ಹೇಳಿದೆ.

ಅವಳು ತಲೆ ಎತ್ತಿದಳು. “ಯಾವ ಕೊಡಿ? ನೀ ಎಲ್ಲಿ ಬಂಡ್ಯಾಗ ಇದ್ದಿ?”

“ನಿನ್ನ ಪಕ್ಕದಾಗ ಇದ್ನಲ್ಲ.”

“ನೀ ಸಿಂಧನೂರಿಂದ ಕಾರ್ ತಗೊಂಡು ಲಿಂಗಸೂರು ಮ್ಯಾಲೆ ಬಂದು ಆಚೀ ಊರಾಗ ನಿಂತಿದ್ದಿ. ಬಂಡ್ಯಾಗ ನಾ ಇದ್ದೆ, ಒಂದು ತಾಡಪತ್ರಿ ಇತ್ತು. ಸಾಲಿ ಕಲಿಸವ್ನ ತಲಿ ನೋಡು, ಅತ್ತೀ.”

ಒಳಗಿನಿಂದ ಬಸಮ್ಮ ಅಂದಳು: “ನೊಗ ತಂದಿದ್ದು ನಾ ಅಂತಾದ್ರೂ ನೆನಪೈತೋ, ಅದನೂ ತಾನ ತಂದೆ ಅಂತಾನೋ ಕೇಳು.”

ಅವರು ಹೇಳಿದ್ದೇ ಸರಿ. ಕಾರು ಅಲ್ಲಿತ್ತು ಎಂದ ಮೇಲೆ ಅದನ್ನು ತಂದವನು ಬಂಡಿಯಲ್ಲಿ ಹೇಗೆ ಇರಲು ಸಾಧ್ಯ? ನಾನು ಕಂಡದ್ದು ಬಂಡಿ ಊರು ಮುಟ್ಟಿದ್ದನ್ನು ಮಾತ್ರ. ವಿಭೂತಿ, ನೊಗ, ಕುಡಗೋಲು, ಎಲ್ಲ ಅವರ ಬಾಯಿಂದ ಕೇಳಿದ್ದು. ಕಂಡದ್ದಕ್ಕೂ ಕೇಳಿದ್ದಕ್ಕೂ ನಡುವೆ ನನ್ನ ತಲೆ ತಾನಾಗಿ ದಾರಿ ಜೋಡಿಸಿಕೊಂಡಿತ್ತು. ಹಾಗಾದರೆ ಇಷ್ಟು ವರ್ಷದ ಸಿಟ್ಟೂ ಎರವಲೇ ಎಂದು ಅಕ್ಕನನ್ನು ಕೇಳಿದೆ. ಅವಳು ಮೊರ ಪಕ್ಕಕ್ಕಿಟ್ಟು ಎಡಗೈ ಚಾಚಿದಳು. “ಹಿಡಿ. ಇದು ಖರೇ ಐತೋ ಇಲ್ಲೋ?”

ಬೆರಳಿಟ್ಟೆ. ಜುಂ ಎನ್ನುತ್ತಿತ್ತು.

ಮರುದಿನ ಸೋಮವಾರ. ಅಕ್ಕ ಮಸ್ಕಿಯ ಬಸ್ಸು ಹಿಡಿದು ಆಸ್ಪತ್ರೆಗೆ ಹೊರಟಳು. ಹೊರಡುವಾಗ, “ಇವ್ರ ಸೋಮವಾರದ ಹುಚ್ಚಾಟ ನೀನೂ ನೋಡು,” ಎಂದಳು. ಯಾವ ಹುಚ್ಚಾಟವೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಮರೇಶ ಮಾವ ಮತ್ತು ಅಕ್ಕಪಕ್ಕದ ಮನೆಯವರು ಕೊಟ್ಟಿಗೆಯ ಮುಂದಿನ ಬಂಡಿಯನ್ನು ಎಳೆದು ದಾರಿಗೆ ತಂದರು. ಎತ್ತುಗಳು ಒಳಗೆ ಮೆಲುಕು ಹಾಕುತ್ತ ನಿಂತಿದ್ದವು.

“ಎತ್ತು?” ಎಂದೆ.

“ಸೋಮವಾರ ಎತ್ತು ಹೂಡಂಗಿಲ್ಲ,” ಎಂದ ಮಾವ, ನೊಗಕ್ಕೆ ಎದೆ ಕೊಟ್ಟು. “ನಾವು ಹೂಡ್ಕೊಂತೀವಿ. ಎಣಿಸವ್ರು ಯಾವ ಸೋಮವಾರ ಬರತಾರೋ ಯಾರಿಗ್ಗೊತ್ತು. ಬಂದಾಗ ಸೊನ್ನಿ ಇರಬಾರ್ದು. ಅದೂ ಅಲ್ದ, ನಾವು ಓಡ್ಯಾಡೋದು ಬಿಟ್ರ ಅಕ್ಕಪಕ್ಕದ ಹೊಲದವ್ರು ದಾರೀನ ಉಳಿಮಿ ಮಾಡಿಬಿಡ್ತಾರ.”

ಇದು ಬಸಮ್ಮನ ಆಜ್ಞೆಯಂತೆ. ಅಕ್ಕ ಬಂಡಿಯಲ್ಲಿ ಹೋಗಿ ಜೀವ ಉಳಿದು ಬಂದ ವರ್ಷದಿಂದ ನಡೆದಿದೆಯಂತೆ. ನಾನು ಪ್ಯಾಂಟು ಮೇಲೆ ಮಡಚಿ ನೊಗದ ಇನ್ನೊಂದು ತುದಿ ಹಿಡಿದೆ. ಖಾಲಿ ಬಂಡಿಯೂ ಎರೆಮಣ್ಣಿನಲ್ಲಿ ಹಗುರವಲ್ಲ. “ಎಡದ ಎತ್ತು ನಿಂದ್ರಾಕತ್ತೈತಿ, ಬಾರಕೋಲು ತರ್ರಿ,” ಎಂದು ಹಿಂದಿನಿಂದ ಯಾರೋ ನನ್ನನ್ನೇ ಅಂದರು.

ಗಡಿಕಲ್ಲಿನ ಹತ್ತಿರ ಬಂದರೆ ಎದುರಿನಿಂದ ಇನ್ನೊಂದು ಬಂಡಿ. ಅದನ್ನೂ ಮನುಷ್ಯರೇ ಎಳೆಯುತ್ತಿದ್ದರು. ಆಚೆ ಊರಿನವರು ಕೂಡ ಇದೇ ಆಟ ಹೂಡಿದ್ದರು. ಎರಡೂ ಪಕ್ಕ ತೊಗರಿ, ದಾರಿ ಒಂದೇ ಬಂಡಿಯಷ್ಟು ಅಗಲ. ಎರಡು ಖಾಲಿ ಬಂಡಿಗಳು ಮೂತಿಗೆ ಮೂತಿ ಕೊಟ್ಟು ನಿಂತವು.

“ಲೇ, ಹಿಂದಕ್ಕ ಹೊಡೀರಲೇ,” ಎಂದರು ಅವರು.

“ನೀವ ಹೊಡೀರಿ. ನಾವು ಲೋಡ್ ಅದೀವಿ, ಮಾಸ್ತರ್ನ ಹೂಡೀವಿ,” ಎಂದ ಮಾವ.

ಎಲ್ಲರೂ ನಕ್ಕರು. ಯಾರೂ ಹಿಂದೆ ಸರಿಯಲಿಲ್ಲ. ನಾನು ನೊಗ ಬಿಟ್ಟು, ಈ ಸಲ ನೆನಪಿಗೆ ಬಿಡುವುದು ಬೇಡವೆಂದು, ಮೊಬೈಲು ತೆಗೆದು ಫೋಟೋ ಹೊಡೆದುಕೊಂಡೆ. ಫೋಟೋದಲ್ಲಿ ಎರಡು ಬಂಡಿ ಇವೆ, ಕೆಸರು ಮೆತ್ತಿದ ಜನ ಇದ್ದಾರೆ, ಪಕ್ಕದಲ್ಲಿ ಗಡಿಕಲ್ಲು, ಬೇವಿನ ಮರ. ಮರದ ಕೆಳಗೆ ಎಣಿಸಲು ಯಾರೂ ಇಲ್ಲ.